ಮೊಬೈಲೊಂದೇ ಇರುವ ಮನೆಗಳ ದುಭಾಷಿ ಮಕ್ಕಳು

ಮೆಕ್ಸಿಕೊ, ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಮೊದಲಾದ ಲ್ಯಾಟಿನ್ ಅಮೆರಿಕದ ನಾಡುಗಳಲ್ಲಿ ಬೇರುಳ್ಳ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ಜನರನ್ನು ಅಲ್ಲಿ ಲ್ಯಾಟಿನೊ ಅಥವಾ ಹಿಸ್ಪಾನಿಕ್ ಎಂದು ಕರೆಯುತ್ತಾರೆ. ಈ ಸಮುದಾಯದ ಹದಿಹರೆಯದವರ ಕೈಯಲ್ಲಿ ಫೋನಿದೆ ಎಂಬುದು ನಿಜವಾದರೂ, ಅಷ್ಟರಿಂದಲೇ ಅವರು ಡಿಜಿಟಲ್ ಲೋಕದ ಒಳಗೆ ಸೇರಿದರೆಂದು ಲೆಕ್ಕ ಹಾಕುವಂತಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2021ರ ಸಮೀಕ್ಷೆಯಂತೆ, ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕವಿದ್ದ ವಯಸ್ಕರು ಬಿಳಿಯರಲ್ಲಿ ಶೇ. 80ರಷ್ಟಿದ್ದರೆ ಹಿಸ್ಪಾನಿಕರಲ್ಲಿ ಶೇ. 65ರಷ್ಟಿದ್ದರು; ಹಿಸ್ಪಾನಿಕ್ ವಯಸ್ಕರ ಪೈಕಿ ನಾಲ್ವರಲ್ಲೊಬ್ಬರು ಅಂಥ ಸಂಪರ್ಕವಿಲ್ಲದೆ ಸ್ಮಾರ್ಟ್‌ಫೋನನ್ನೇ ನೆಚ್ಚಿಕೊಂಡಿದ್ದರು.

ಅಂಗೈಯಗಲದ ಪರದೆಯಲ್ಲಿ ವಿಡಿಯೊ ನೋಡುವುದು ಸುಲಭ. ಅದೇ ಪರದೆಯ ಮೇಲೆ ಎರಡು ಹೆಬ್ಬೆರಳುಗಳಿಂದ ಐದು ಪುಟದ ಪ್ರಬಂಧ ಬರೆಯುವುದು, ಓದಬೇಕಾದ ಪಾಠವನ್ನೂ ಬರೆಯಬೇಕಾದ ಉತ್ತರವನ್ನೂ ಅಕ್ಕಪಕ್ಕ ಇಟ್ಟುಕೊಳ್ಳಲಾಗದೆ ಹಿಂದೆಮುಂದೆ ಸರಿಸುತ್ತಿರುವುದು, ಅಷ್ಟರಲ್ಲಿ ತಿಂಗಳ ಡೇಟಾ ಮುಗಿಯುವುದು ಎಂಥ ಜಾಣ ವಿದ್ಯಾರ್ಥಿಯನ್ನೂ ದಣಿಸುತ್ತದೆ. ಶಾಲೆ ಕೊಟ್ಟ ಮನೆಗೆಲಸವನ್ನು ಸಂಪರ್ಕವಿಲ್ಲದ ಕಾರಣಕ್ಕೇ ಮುಗಿಸಲಾಗದ ಈ ಸ್ಥಿತಿಗೆ ಅಲ್ಲಿ 'ಹೋಂವರ್ಕ್ ಅಂತರ' ಎಂಬ ಹೆಸರು ಬಿದ್ದಿದೆ.

ಆದರೆ ಈ ಮಕ್ಕಳು ತಮಗಾಗಿ ಮಾತ್ರ ಇಂಟರ್‌ನೆಟ್ ಬಳಸುವವರಲ್ಲ ಎಂಬುದೇ ಇಲ್ಲಿ ಹೆಚ್ಚು ಮುಖ್ಯವಾದ ಸಂಗತಿ. ಸ್ಪ್ಯಾನಿಶ್ ಮಾತ್ರ ಬಲ್ಲ ತಾಯಿಯ ಪಕ್ಕದಲ್ಲಿ ಕುಳಿತು ಆಸ್ಪತ್ರೆಯ ಅರ್ಜಿ, ಬಾಡಿಗೆ ಕರಾರು, ಶಾಲೆಯ ಸೂಚನೆಗಳನ್ನು ಫೋನಿನಲ್ಲಿ ತೆರೆದು ಓದಿ, ತಿಳಿಯದ ಪದವನ್ನು ಹುಡುಕಿ, ತಾಯ್ನುಡಿಯಲ್ಲಿ ಅರ್ಥ ಹೇಳಿ, ಅವಳ ಉತ್ತರವನ್ನು ಇಂಗ್ಲಿಷಿನಲ್ಲಿ ತುಂಬುವ ಈ ಕೆಲಸವನ್ನು ಸಂಶೋಧಕರು ಭಾಷಾ ಮಧ್ಯಸ್ಥಿಕೆ ಎನ್ನುತ್ತಾರೆ. ಸಂಶೋಧಕಿ ವಿಕಿ ಕಾಟ್ಜ್ 2014ರಲ್ಲಿ ಪ್ರಕಟಿಸಿದ ಪುಸ್ತಕದ ವಸ್ತು ಇಂಥ ಮಕ್ಕಳೇ. ಇದು ಕೌಶಲವೂ ಹೌದು, ಹೊರೆಯೂ ಹೌದು. ಹನ್ನೆರಡು ವರ್ಷದ ಮಗು ತಪ್ಪಾಗಿ ತುಂಬಿದ ಒಂದು ಖಾನೆಯ ಬೆಲೆಯನ್ನು ಇಡೀ ಕುಟುಂಬ ತೆರಬೇಕಾಗಬಹುದು.

ಇಂಥ ಮನೆಗಳಿಗೆ ಸಂಪರ್ಕ ಒದಗಿಸಲೆಂದು, ಕೃಷಿ ಕಾರ್ಮಿಕರು ಹೆಚ್ಚಿರುವ ಕ್ಯಾಲಿಫೋರ್ನಿಯಾದ ಕೊಚೆಲ್ಲಾ ಕಣಿವೆಯಲ್ಲಿ ಶಾಲಾ ಆಡಳಿತವು ಬಸ್ಸುಗಳಿಗೆ ವೈಫೈ ರೌಟರ್ ಅಳವಡಿಸಿ, ರಾತ್ರಿ ಅವುಗಳನ್ನು ಆ ಕುಟುಂಬಗಳ ಟ್ರೇಲರ್ ಮನೆಗಳ ಬಳಿಯೇ ನಿಲ್ಲಿಸಿತು. ಬಸ್ಸಿನ ಬ್ಯಾಟರಿ ಬೇಗ ಬರಿದಾಗುತ್ತಿದ್ದುದರಿಂದ ಚಾವಣಿಯ ಮೇಲೆ ಸೌರಫಲಕಗಳನ್ನೂ ಕೂರಿಸಿತು. ಮೆಚ್ಚಬೇಕಾದ ಯತ್ನವಿದು, ಆದರೂ ಮನೆಯೊಳಗಿನ ಖಾಯಂ ಸಂಪರ್ಕಕ್ಕೆ ಸಾಟಿಯಲ್ಲ. ಬಡ ಮನೆಗಳ ಇಂಟರ್‌ನೆಟ್ ಬಿಲ್ಲಿಗೆ ತಿಂಗಳಿಗೆ 30 ಡಾಲರ್‌ವರೆಗೆ ನೆರವಾಗುತ್ತಿದ್ದ ಕೇಂದ್ರ ಸರ್ಕಾರದ ಯೋಜನೆ ಸುಮಾರು 2.3 ಕೋಟಿ ಕುಟುಂಬಗಳನ್ನು ತಲುಪಿ, 2024ರಲ್ಲಿ ಹಣ ಮುಗಿದು ನಿಂತಿತು. ಇಂಗ್ಲಿಷ್ ಬಲ್ಲ ಮಗುವೇ ಬಿಲ್ಲು ಓದುವ ಮನೆಗಳಲ್ಲಿ, ಮೊತ್ತ ಏಕೆ ಏರಿತೆಂದು ತಾಯಿಗೆ ತಿಳಿಸಿ ಹೇಳಬೇಕಾದುದೂ ಆ ಮಗುವೇ.