ಆತ್ಮಹತ್ಯೆ ಬಗ್ಗೆ ನೇರವಾಗಿ ಕೇಳಿದರೆ ಅಪಾಯವೇ?

"ನೊಂದವರ ಮುಂದೆ ಸಾವಿನ ಮಾತೆತ್ತಬೇಡಿ, ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ." ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ತಪ್ಪು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ ಎನ್ನುತ್ತವೆ ಅಧ್ಯಯನಗಳು. ಹೇಳಿಕೊಂಡಾಗ ಎಷ್ಟೋ ಜನರ ಎದೆ ಹಗುರಾಗುತ್ತದೆ.

ಆದರೆ ಯಾರು ಕೇಳಬೇಕು? ನಾವು ಇಲ್ಲಿ ಆಸ್ಟ್ರೇಲಿಯಾದ ಉದಾಹರಣೆ ಕೊಡುತ್ತೇವೆ. ಅಲ್ಲಿನ ಮೂಲನಿವಾಸಿಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಉಳಿದವರಿಗಿಂತ ಎರಡು ಪಟ್ಟಾದರೂ ಇದೆ. ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾಲಯ 1990ರ ದಶಕದಿಂದ ನಡೆಸಿಕೊಂಡು ಬಂದ 'ಜಿರುವಾಂಗ್' ಕಾರ್ಯಕ್ರಮ ಆ ಸಮುದಾಯದ ವಿದ್ಯಾರ್ಥಿಗಳಿಗೇ ಮಾನಸಿಕ ಆರೋಗ್ಯದ ಪದವಿ ಕೊಡುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಹಲವರು ಸರ್ಕಾರಿ ಆರೋಗ್ಯ ಸೇವೆಯಲ್ಲಿ ಸಂಬಳಕ್ಕೆ ದುಡಿಯುತ್ತಲೇ ಓದಿದ್ದಾರೆ.

ಅವರೇ ಯಾಕೆ? ತೀರಿಹೋದ ಅಜ್ಜಿಯ ದನಿ ಕೇಳಿಸಿತು ಎಂದು ಒಬ್ಬರು ಹೇಳಿದರೆ ಹೊರಗಿನವರು ಅದನ್ನು ಕಾಯಿಲೆಯ ಲಕ್ಷಣ ಎಂದು ಬರೆದುಕೊಳ್ಳಬಹುದು. ಆ ಸಮುದಾಯದಲ್ಲಿ ಅದು ಸಾವಿನ ದುಃಖದ ಸಹಜ ಅನುಭವ ಆಗಿರಬಹುದು. ಕಣ್ಣು ತಪ್ಪಿಸಿ ಮಾತನಾಡುವುದು ಗೌರವವೂ ಆಗಿರಬಹುದು (ನಮ್ಮಲ್ಲೂ ಹಿರಿಯರ ಮುಂದೆ ತಲೆ ತಗ್ಗಿಸುವುದಿಲ್ಲವೇ?). ಹಾಗಂತ ಎಲ್ಲವನ್ನೂ ಸಂಪ್ರದಾಯ ಅಂದುಬಿಟ್ಟರೆ ನಿಜವಾದ ಕಾಯಿಲೆ ಕಣ್ತಪ್ಪುತ್ತದೆ. ಇದನ್ನು ಬೇರ್ಪಡಿಸಿ ನೋಡುವುದೇ ಕಷ್ಟದ ಕಲಿಕೆ.

ಬಿಕ್ಕಟ್ಟಿನ ಹೊತ್ತಿಗೆ ನೀವೂ ನೇರವಾಗಿ ಕೇಳಬಹುದು: "ಸಾಯಬೇಕು ಅನ್ನಿಸ್ತಿದೆಯಾ?" ಹೌದು ಅಂದರೆ ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ, ಅಪಾಯದ ವಸ್ತುಗಳನ್ನು ದೂರ ಇಡಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಟೆಲಿ ಮಾನಸ್ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.