ಮಿಲಿಟ್ರಿ ಮನೆಯ ಯಜಮಾನ್ತಿ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಸೈನಿಕನ ಪತ್ನಿಯೊಬ್ಬಳು ತುಂಬು ವಯಸ್ಸಿನಲ್ಲಿ ತೀರಿಕೊಂಡಾಗ, ಉತ್ತರಕ್ರಿಯೆಯ ನುಡಿನಮನದಲ್ಲಿ ಗಂಡನ ರೆಜಿಮೆಂಟು, ಅವನು ಕಂಡ ಯುದ್ಧ, ಪಡೆದ ಪದಕಗಳ ಮಾತು ಬರುವಷ್ಟು ಸಲೀಸಾಗಿ ಆಕೆಯ ಕೆಲಸದ ಮಾತು ಬರುವುದಿಲ್ಲ. ಗಂಡನ ಸೇವೆಗೆ ಸೇನೆಯ ದಾಖಲೆಯಿದೆ; ಆಕೆ ದಶಕಗಳ ಕಾಲ ನಡೆಸಿದ ಯಜಮಾನಿಕೆಗೆ ಉಳಿಯುವುದು ಅಟ್ಟದ ಮೇಲಿನ ಟ್ರಂಕಿನೊಳಗಿನ ಕಾಗದಗಳು ಮಾತ್ರ. ಆ ಕಾಗದಗಳನ್ನು ಓದಬಲ್ಲವರಿಗೆ ಈ ಸೀಮೆಯ ಸಾಮಾಜಿಕ ಚರಿತ್ರೆಯ ಒಂದು ಮುಖ್ಯ ಅಧ್ಯಾಯವೇ ಅಲ್ಲಿದೆ.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಪುತ್ತೂರು, ಅಮರ ಸುಳ್ಯ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸುವ ತನಕ ಇವು ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದವು. ಗಡಿ ಬದಲಾದರೂ, ಕನ್ನಡದ್ದೇ ಒಂದು ಪ್ರಭೇದವಾದ ಅರೆಭಾಷೆಯನ್ನಾಡುವ ಗೌಡರ ನೆಂಟಸ್ತಿಕೆ ಸಂಪಾಜೆ ಘಾಟಿಯ ಎರಡೂ ಬದಿಯಲ್ಲಿ ಉಳಿದುಕೊಂಡಿತು. ಘಟ್ಟದ ಮೇಲಿನ ಸೈನ್ಯದ ಒಲವು ಹೆಣ್ಣು ಕೊಟ್ಟು ತರುವ ದಾರಿಯಲ್ಲೇ ಕೆಳಗಿನ ಮನೆಗಳಿಗೂ ಇಳಿಯಿತು ಎಂದರೆ ತಪ್ಪಾಗದು.

ಸೈನಿಕನ ಪತ್ನಿಯ ಸ್ಥಾನವನ್ನು ಅರಿಯಲು ಇಲ್ಲಿನ ಎರಡು ಕುಟುಂಬ ಪದ್ಧತಿಗಳನ್ನು ತಿಳಿಯಬೇಕು. ಬಂಟರೇ ಮೊದಲಾದ ಸಮುದಾಯಗಳ ಅಳಿಯಕಟ್ಟಿನಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತಿದ್ದುದರಿಂದ, ಹಳೆಯ ರೂಢಿಯಂತೆ ಗಂಡಸಿನ ವಾರಸುದಾರರು ಅವನ ಅಕ್ಕತಂಗಿಯರ ಮಕ್ಕಳೇ ಹೊರತು ಹೆಂಡತಿಯಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಈ ಕಟ್ಟನ್ನು ಸಡಿಲಿಸಿದವು. ತಂದೆಯ ಆಸ್ತಿ ಮಕ್ಕಳಿಗೇ ಸಲ್ಲುವ ಗೌಡರ ಮಕ್ಕಳಕಟ್ಟಿನ ಮನೆಯಲ್ಲಿಯೂ ಸೊಸೆಯಾಗಿ ಬಂದವಳ ಕೈಗೆ ನಗದು ಸಿಗುವುದು ಅಪರೂಪವಾಗಿತ್ತು. ಇಂಥ ಮನೆಗಳಿಗೆ ಪ್ರತಿ ತಿಂಗಳು ಹೆಂಡತಿಯ ಹೆಸರಿಗೇ ಮನಿಯಾರ್ಡರು ಬಂದದ್ದು, ಕುಟುಂಬ ಪಿಂಚಣಿಗೆ, ಅಂದರೆ ಸೈನಿಕನ ನಂತರ ಅವನ ಮನೆಯವರಿಗೆ ಸಲ್ಲುವ ಪಿಂಚಣಿಗೆ, ಆಕೆಯನ್ನೇ ಮೊದಲ ಹಕ್ಕುದಾರಳೆಂದು ಸರಕಾರ ಬರೆದುಕೊಂಡದ್ದು ಸಣ್ಣ ಸಂಗತಿಯಲ್ಲ. ಮಿಲಿಟ್ರಿ ಮನೆಯ ಅಜ್ಜಿಯಂದಿರ ಮಾತಿಗಿದ್ದ ತೂಕಕ್ಕೆ ವಯಸ್ಸಿನಷ್ಟೇ ಈ ಕಾಗದಗಳೂ ಕಾರಣ.

ಹಾಗೆಂದು ಅಧಿಕಾರ ಕಾಗದದಿಂದಷ್ಟೇ ಬರಲಿಲ್ಲ. ಸೈನಿಕನಿಗೆ ವರ್ಷಕ್ಕೆ ಸಿಗುವ ವಾರ್ಷಿಕ ರಜೆ 60 ದಿನ. ಅವನು ಮೇ ತಿಂಗಳಲ್ಲಿ ಬಂದು ಮಳೆಗಾಲಕ್ಕೆ ಮುಂಚೆ ಅಡಿಕೆ ಮರಗಳಿಗೆ ಮೊದಲ ಮದ್ದು ಬಿಡಿಸಿ ಹೊರಟರೂ, 40ರಿಂದ 45 ದಿನಗಳ ನಂತರದ ಎರಡನೆಯ ಮದ್ದು ಸುರಿವ ಮಳೆಯ ನಡುವೆ ಆಕೆಯ ಪಾಲಿಗೇ ಉಳಿಯುತ್ತಿತ್ತು. ಕೊಳೆರೋಗ ತಡೆಯುವ ಈ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತನ್ನೂ ಒಂದು ಕಿಲೋ ಸುಣ್ಣವನ್ನೂ ಬೇರೆ ಬೇರೆ ಕರಗಿಸಿ, ಒಟ್ಟು 100 ಲೀಟರ್ ಆಗುವಂತೆ ಬೆರೆಸಬೇಕು. ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಅದಕ್ಕೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಮಳೆ ಬಿಟ್ಟ ದಿನ ನೋಡಿ ಮರವೇರುವವರನ್ನು ಹೊಂದಿಸುವುದು, ಅವರ ಕೂಲಿ ಲೆಕ್ಕ ಹಾಕುವುದು, ಊಟಕ್ಕೆ ಬಡಿಸುವುದು ಎಲ್ಲವೂ ಒಬ್ಬಳದೇ. ಅದೇ ಹೊತ್ತಿಗೆ ಉಪ್ಪಿನಂಗಡಿ–ಕಡಬ ದಾರಿಯ ಹೊಸ್ಮಠದ ಹಳೆಯ ಮುಳುಗು ಸೇತುವೆ ನೀರಿನಡಿ ಹೋದರೆ ಟಪಾಲೂ ನಿಲ್ಲುತ್ತಿತ್ತು.

1974ರ ಭೂಮಸೂದೆಯ ಕಾಲದಲ್ಲಿ, ಗೇಣಿದಾರರು ತಾವು ಉಳುವ ಭೂಮಿಗೆ ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಅಂದರೆ ಜನ ಹೇಳುವಂತೆ ಡಿಕ್ಲರೇಷನ್ ಕೊಟ್ಟು, ಹಕ್ಕು ಕೇಳಿದರು. ಗೇಣಿ ಮನೆಯ ಗಂಡಸು ಗಡಿಯಲ್ಲಿದ್ದರೆ ಭೂನ್ಯಾಯ ಮಂಡಳಿಯ ಮುಂದೆ ಗೇಣಿ ಚೀಟಿ ಹಿಡಿದು ಉತ್ತರ ಹೇಳಬೇಕಾದವಳು ಹೆಂಡತಿ. ಧಣಿಗಳ ಮನೆಯಾಗಿದ್ದರೆ, ಸೈನಿಕನು ಗೇಣಿಗೆ ಕೊಟ್ಟ ಜಮೀನಿಗೆ ಕಾನೂನು ಇಟ್ಟಿದ್ದ ಪ್ರತ್ಯೇಕ ಅವಕಾಶವನ್ನು ತಿಳಿದುಕೊಂಡು ಓಡಾಡಬೇಕಾದವಳೂ ಅವಳೇ.

ನೆರೆಯ ಕೊಡಗಿನಲ್ಲಿ ಇಂಥ ಬದುಕಿನ ಕೆಲವು ಹೆಸರುಗಳು ಬೆಳಕಿಗೆ ಬಂದಿವೆ. ಜನರಲ್ ತಿಮ್ಮಯ್ಯನವರ ಪತ್ನಿ ನೀನಾ, 1935ರ ಕ್ವೆಟ್ಟಾ ಭೂಕಂಪದಲ್ಲಿ ಮಾಡಿದ ಸೇವೆಗಾಗಿ ಕೈಸರ್-ಎ-ಹಿಂದ್ ಪದಕ ಪಡೆದವರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಿಂದ ಮರಳದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗೆ ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ. ಆ 23 ವರ್ಷಗಳನ್ನು ಪತ್ನಿ ಸುಂದರಿ ಕಳೆದ ಬಗೆಗೆ ಯಾವ ಚಕ್ರವೂ ಸಾಟಿಯಲ್ಲ. ಸುಳ್ಯ, ಕಡಬದ ಸಿಪಾಯಿ, ಹವಾಲ್ದಾರರ ಹೆಂಡಂದಿರಿಗೆ ಇಷ್ಟು ಹೆಸರೂ ದೊರೆಯಲಿಲ್ಲ.

ಸೇನೆಯ ಪುಸ್ತಕದಲ್ಲಿ ಒಂದು ಬಗೆ, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು ಬಗೆಯಲ್ಲಿ ಆಕೆಯ ಹೆಸರು ಬಿದ್ದಿದ್ದರೆ, ಪಿಂಚಣಿಗಾಗಿ ಮೂರೂ ಒಬ್ಬಳೇ ಎಂದು ಛಾಪಾಕಾಗದದ ಮೇಲೆ ಅಫಿಡವಿಟ್ ಮಾಡಿಸಬೇಕು. ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆಂಬ ಜೀವಿತ ಪ್ರಮಾಣಪತ್ರ ಒಪ್ಪಿಸಬೇಕು. 2014ರಿಂದ ಇದನ್ನು ಬೆರಳಚ್ಚಿನ ಯಂತ್ರದಲ್ಲೂ ಕೊಡಬಹುದು. ಸುಣ್ಣ, ಮೈಲುತುತ್ತು, ಅಡಿಕೆ ಸಿಪ್ಪೆಯಲ್ಲಿ ಬೆರಳ ಗೆರೆಗಳೆಲ್ಲ ಸವೆದುಹೋದವಳ ಗುರುತು ಯಂತ್ರಕ್ಕೆ ಸಿಗದಿದ್ದಾಗ, ಕನ್ನಡಕ ತೆಗೆದು ಕಣ್ಣಿನ ಪಾಪೆಯನ್ನು ತೋರಿಸಬೇಕಾಗುತ್ತದೆ.