ಎಐ ಇದ್ದರೆ ಕೋಡಿಂಗ್ ಬಾರದವರೂ ಆಪ್ ಮಾಡಬಹುದೇ? ಈ ಫಾರ್ವರ್ಡ್‌ನಲ್ಲಿ ಅರ್ಧ ಮಾತ್ರ ನಿಜ

ಇನ್ನು ಕೋಡಿಂಗ್ ಕಲಿಯುವುದು ದಂಡ, ಎಐಗೆ ಬಾಯಿಮಾತಲ್ಲಿ ಹೇಳಿದರೆ ಹತ್ತು ನಿಮಿಷದಲ್ಲಿ ಆಪ್ ರೆಡಿ, ಮಕ್ಕಳನ್ನು ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಿ ದುಡ್ಡು ಹಾಳು ಮಾಡಬೇಡಿ. ಇಂಥ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಬೆನ್ನಿಗೇ ತದ್ವಿರುದ್ಧವಾದ ಇನ್ನೊಂದು ಬರುತ್ತದೆ: ಎಐ ಬರೆದ ಕೋಡ್ ಪೂರ್ತಿ ಕಸ, ಮುಟ್ಟಲೇಬಾರದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಇಂದು ನಮ್ಮ ಫೋನ್ ನಂಬರ್, ಮನೆ ವಿಳಾಸ, ಆಸ್ಪತ್ರೆಯ ರಿಪೋರ್ಟ್ ಎಲ್ಲವೂ ಯಾವುದೋ ಒಂದು ಆಪ್‌ನೊಳಗೆ ಇವೆ. ಹಾಗಾಗಿ ಆ ಆಪ್ ಹೇಗೆ ತಯಾರಾಯಿತು ಎನ್ನುವುದು ಸಾಫ್ಟ್‌ವೇರ್‌ನವರ ಚಿಂತೆ ಮಾತ್ರ ಅಲ್ಲ.

ಎಐ ಕೋಡ್ ಬರೆಯುವುದು ಹೇಗೆ?

ನೀವು ಫೋನಿನಲ್ಲಿ ‘ಹುಟ್ಟುಹಬ್ಬದ’ ಎಂದು ಟೈಪ್ ಮಾಡಿದರೆ ಕೀಬೋರ್ಡ್ ತಾನಾಗಿಯೇ ‘ಶುಭಾಶಯಗಳು’ ಎಂದು ತೋರಿಸುತ್ತದಲ್ಲವೇ? ಕೋಡ್ ಬರೆಯುವ ಎಐ ಅದರದೇ ಬಹಳ ದೊಡ್ಡ, ಬಹಳ ಚುರುಕಾದ ರೂಪ. ಜಗತ್ತಿನಲ್ಲಿ ಸಾರ್ವಜನಿಕವಾಗಿ ಸಿಗುವ ಅಪಾರ ಕೋಡ್ ಅನ್ನು ಅದು ಓದಿದೆ. ಮುಂದೆ ಏನು ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕಿ ಬರೆಯುತ್ತಾ ಹೋಗುತ್ತದೆ. ಈಗಿನ ಸಾಧನಗಳು ತಾವು ಬರೆದ ಕೋಡ್ ಅನ್ನು ಓಡಿಸಿ ನೋಡಿ, ತಪ್ಪು ಕಂಡರೆ ಸರಿಪಡಿಸುತ್ತವೆ ಕೂಡ.

ಗಿಟ್‌ಹಬ್ ಕೋಪೈಲಟ್ 2021ರಲ್ಲಿ ಪ್ರಾಯೋಗಿಕವಾಗಿ ಬಂದು 2022ರಲ್ಲಿ ಎಲ್ಲರಿಗೂ ಸಿಕ್ಕಿತು. 2025ರ ಫೆಬ್ರುವರಿಯಲ್ಲಿ ಎಐ ತಜ್ಞ ಆಂಡ್ರೆ ಕಾರ್ಪತಿ, ಕೋಡ್ ಓದದೆ ಎಐ ಕೊಟ್ಟದ್ದನ್ನು ಹಾಗೇ ಒಪ್ಪಿಕೊಳ್ಳುತ್ತಾ ಹೋಗುವ ಕ್ರಮಕ್ಕೆ ‘ವೈಬ್ ಕೋಡಿಂಗ್’ ಎಂದು ಹೆಸರಿಟ್ಟರು. ವಾರಾಂತ್ಯದಲ್ಲಿ ಮಾಡಿ ಬಿಸಾಡುವ ಪ್ರಾಜೆಕ್ಟ್‌ಗಳಿಗೆ ಇದು ಪರವಾಗಿಲ್ಲ ಎಂಬ ಮಾತನ್ನೂ ಅವರು ಅದೇ ಪೋಸ್ಟ್‌ನಲ್ಲಿ ಸೇರಿಸಿದ್ದರು. ಹೆಸರು ಊರೆಲ್ಲ ಸುತ್ತಿತು, ಆ ಮಾತು ದಾರಿಯಲ್ಲೇ ಬಿದ್ದುಹೋಯಿತು.

‘ಲಕ್ಷ್ಮಿ’ಗೆ ಪ್ರವೇಶವಿಲ್ಲದ ಆಪ್

ಒಂದು ಉದಾಹರಣೆ ನೋಡಿ. ಸ್ವಸಹಾಯ ಸಂಘದ ಸದಸ್ಯರ ಹೆಸರು ತುಂಬಿಸುವ ಒಂದು ಸಣ್ಣ ಆಪ್ ಬೇಕು. ‘ಹೆಸರಿನ ಜಾಗದಲ್ಲಿ ಅಕ್ಷರ ಮಾತ್ರ ಇರಬೇಕು, ಅಂಕಿ, ಚಿಹ್ನೆ ಬೇಡ’ ಎಂದು ಎಐಗೆ ಹೇಳಿದಿರಿ. ಪೈಥಾನ್ ಭಾಷೆಯಲ್ಲಿ ‘ಇದು ಬರೀ ಅಕ್ಷರವೇ?’ ಎಂದು ಕೇಳುವ ಒಂದು ಸಿದ್ಧ ಆಜ್ಞೆ ಇದೆ. ಎಐ ಅದನ್ನೇ ಬಳಸಿತು ಎಂದುಕೊಳ್ಳಿ. ನೀವು ‘ಕಮಲ’ ಎಂದು ಹಾಕಿ ನೋಡಿದಿರಿ, ತೆಗೆದುಕೊಂಡಿತು. ಕೆಲಸ ಮುಗಿಯಿತು ಎಂದುಕೊಂಡಿರಿ.

ಮರುದಿನ ‘ಲಕ್ಷ್ಮಿ’ ಎಂದು ಹಾಕಿದರೆ ಆಪ್ ಒಪ್ಪುವುದಿಲ್ಲ. ಕಾರಣ ಇಷ್ಟೇ: ನಮ್ಮ ಕಣ್ಣಿಗೆ ಲಕ್ಷ್ಮಿ ಎರಡೇ ಅಕ್ಷರ. ಕಂಪ್ಯೂಟರ್‌ಗೆ ಯೂನಿಕೋಡ್‌ನಲ್ಲಿ ಅದು ಏಳು ಭಾಗ. ಅವುಗಳಲ್ಲಿ ಎರಡು ಕಡೆ ಬರುವ ಅರ್ಧಾಕ್ಷರದ ಗುರುತು ಮತ್ತು ಕೊನೆಯ ಗುಡಿಸು ‘ಅಕ್ಷರ’ದ ಪಟ್ಟಿಯಲ್ಲಿಲ್ಲ, ‘ಚಿಹ್ನೆ’ಗಳ ಪಟ್ಟಿಯಲ್ಲಿವೆ. ‘ಕಮಲ’ದಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ, ಹಾಗಾಗಿ ಪಾಸಾಯಿತು. ಪೈಥಾನ್ ಬಲ್ಲವರು ಯಾರಾದರೂ ಇದನ್ನು ಒಂದು ನಿಮಿಷದಲ್ಲಿ ಪರೀಕ್ಷಿಸಬಹುದು.

ಇಲ್ಲಿ ಎಐ ಸುಳ್ಳು ಹೇಳಲಿಲ್ಲ. ಕೋಡ್ ಓಡಿತು, ಎಲ್ಲೂ ಎರರ್ ಬರಲಿಲ್ಲ. ಆದರೆ ಯಾರಿಗಾಗಿ ಮಾಡಿದ್ದೋ ಅವರಿಗೇ ಬಾಗಿಲು ಹಾಕಿತು. ಕೋಡ್ ಓಡುವುದು ಬೇರೆ, ಸರಿ ಇರುವುದು ಬೇರೆ. ಆ ವ್ಯತ್ಯಾಸ ಹಿಡಿಯಲು ಬೇಕಾದದ್ದು ಸಂಘದ ಸದಸ್ಯರನ್ನು ಬಲ್ಲ ಮನುಷ್ಯ.

ಕೆಲಸ ಬೇಗ ಆಗುತ್ತದೆಯೇ?

ಇದಕ್ಕೆ ಎರಡು ಉತ್ತರ ಇದೆ. 2023ರಲ್ಲಿ ಪ್ರಕಟವಾದ, ಗಿಟ್‌ಹಬ್ ಮತ್ತು ಮೈಕ್ರೋಸಾಫ್ಟ್‌ನವರೂ ಭಾಗಿಯಾಗಿದ್ದ ಪ್ರಯೋಗದಲ್ಲಿ, ಕೋಪೈಲಟ್ ಬಳಸಿದವರು ಒಂದು ನಿಗದಿತ ಸಣ್ಣ ಕೆಲಸವನ್ನು ಬಳಸದವರಿಗಿಂತ ಶೇ 55.8ರಷ್ಟು ಕಡಿಮೆ ಸಮಯದಲ್ಲಿ ಮುಗಿಸಿದರು.

2025ರ ಜುಲೈನಲ್ಲಿ ಮೀಟರ್ ಎಂಬ ಸಂಸ್ಥೆ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳಿತು. ತಾವೇ ವರ್ಷಗಟ್ಟಲೆ ಬೆಳೆಸಿದ ದೊಡ್ಡ ಪ್ರಾಜೆಕ್ಟ್‌ಗಳಲ್ಲಿ 16 ಅನುಭವಿಗಳು 246 ಕೆಲಸ ಮಾಡಿದರು. ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಸ್ವಾರಸ್ಯವೆಂದರೆ, ಕೆಲಸ ಮುಗಿದ ಮೇಲೂ ಅವರು ತಮಗೆ ಶೇ 20ರಷ್ಟು ಸಮಯ ಉಳಿಯಿತು ಎಂದೇ ನಂಬಿದ್ದರು.

ಹೊಸ, ಸಣ್ಣ, ಒಂಟಿ ಕೆಲಸಕ್ಕೂ, ಹಳೆಯ ದೊಡ್ಡ ಮನೆಯ ರಿಪೇರಿಗೂ ವ್ಯತ್ಯಾಸ ಇದೆ. ಮೀಟರ್ ನೋಡಿದ್ದು 2025ರ ಆರಂಭದ ಸಾಧನಗಳನ್ನು, ಸಾಧನಗಳು ಬದಲಾಗುತ್ತಲೇ ಇರುತ್ತವೆ. ಆದರೆ ‘ಬೇಗ ಆಯಿತು ಅನ್ನಿಸುವುದು’ ಮತ್ತು ‘ಬೇಗ ಆಗುವುದು’ ಒಂದೇ ಅಲ್ಲ ಎಂಬ ಪಾಠ ಹಳೆಯದಾಗುವುದಿಲ್ಲ.

ಅಪಾಯ ಎಲ್ಲೆಲ್ಲಿ ಇದೆ?

ಬಾಗಿಲ ಚಿಲಕ. 2021ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಸುರಕ್ಷತೆಯ ತಪ್ಪು ಆಗಬಲ್ಲ 89 ಸಂದರ್ಭಗಳನ್ನೇ ಆರಿಸಿ ಕೋಪೈಲಟ್‌ಗೆ ಕೊಟ್ಟರು. ಬಂದ 1,689 ಪ್ರೋಗ್ರಾಂಗಳಲ್ಲಿ ಸುಮಾರು ಶೇ 40ರಲ್ಲಿ ಕನ್ನ ಹಾಕಲು ದಾರಿ ಇತ್ತು. ಇಂಥ ದೋಷ ಎಂದರೇನು? ಬ್ಯಾಂಕಿನ ಚಲನ್‌ನಲ್ಲಿ ಹೆಸರು ಬರೆಯುವ ಜಾಗದಲ್ಲಿ ಯಾರೋ ‘ಎಲ್ಲ ಖಾತೆದಾರರ ಪಟ್ಟಿ ಕೊಡಿ’ ಎಂದು ಬರೆದರೆ, ಕ್ಯಾಷಿಯರ್ ಅದನ್ನು ಹೆಸರು ಎಂದುಕೊಳ್ಳದೆ ಅಪ್ಪಣೆ ಎಂದುಕೊಂಡು ಪಟ್ಟಿ ಕೊಟ್ಟುಬಿಟ್ಟಂತೆ. ಸರಿಯಾಗಿ ಬರೆಯದ ಆಪ್‌ಗಳು ನಿಜಕ್ಕೂ ಹೀಗೆ ಮೋಸ ಹೋಗುತ್ತವೆ. ಸ್ಟ್ಯಾನ್‌ಫರ್ಡ್ ಸಂಶೋಧಕರ ಇನ್ನೊಂದು ಅಧ್ಯಯನದಲ್ಲಿ, ಎಐ ನೆರವು ಪಡೆದವರ ಕೋಡ್ ಕಡಿಮೆ ಸುರಕ್ಷಿತವಾಗಿತ್ತು, ಆದರೂ ತಮ್ಮ ಕೋಡ್ ಸುರಕ್ಷಿತ ಎಂಬ ನಂಬಿಕೆ ಅವರಲ್ಲೇ ಹೆಚ್ಚಿತ್ತು.

ಇಲ್ಲದ ಹೆಸರು. ಸಾಫ್ಟ್‌ವೇರ್ ಬರೆಯುವವರು ಬೇರೆಯವರು ಮಾಡಿಟ್ಟ ಸಿದ್ಧ ಪ್ಯಾಕೇಜ್‌ಗಳನ್ನು ಇಳಿಸಿಕೊಂಡು ಬಳಸುತ್ತಾರೆ. ಎಐ ಕೆಲವೊಮ್ಮೆ ಲೋಕದಲ್ಲೇ ಇಲ್ಲದ ಪ್ಯಾಕೇಜಿನ ಹೆಸರನ್ನು ಗಟ್ಟಿ ದನಿಯಲ್ಲಿ ಹೇಳುತ್ತದೆ. ಕಳ್ಳರು ಆ ಹೆಸರಲ್ಲೇ ಒಂದು ಪ್ಯಾಕೇಜ್ ಮಾಡಿ ಒಳಗೆ ವೈರಸ್ ಇಟ್ಟರೆ, ನಂಬಿ ಇಳಿಸಿಕೊಂಡವರ ಕಥೆ ಮುಗಿಯಿತು.

ಕೈಗೆ ಕೀಲಿ ಕೊಟ್ಟರೆ. 2025ರ ಜುಲೈನಲ್ಲಿ ಅಮೆರಿಕದ ಒಬ್ಬ ಉದ್ಯಮಿ, ರೆಪ್ಲಿಟ್ ಎಂಬ ಸಾಧನದ ಎಐಗೆ ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ ಅದು ಬಳಕೆಯಲ್ಲಿದ್ದ ಡೇಟಾಬೇಸ್ ಅನ್ನೇ ಅಳಿಸಿಬಿಟ್ಟಿತು. ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ‘ಬೇಡ’ ಎಂದು ಬರೆಯುವುದು ಬೀಗ ಅಲ್ಲ. ಅಳಿಸುವ ಅಧಿಕಾರವನ್ನೇ ಕೊಡದಿರುವುದು ಬೀಗ.

ಗುಟ್ಟು ಹೊರಗೆ. 2023ರಲ್ಲಿ ಸ್ಯಾಮ್‌ಸಂಗ್ ಉದ್ಯೋಗಿಗಳು ಕಂಪನಿಯ ಕೋಡ್ ಅನ್ನು ಚಾಟ್‌ಜಿಪಿಟಿಗೆ ಅಂಟಿಸಿದ್ದು ಬೆಳಕಿಗೆ ಬಂತು. ಕಂಪನಿ ಇಂಥ ಸಾಧನಗಳ ಬಳಕೆಯನ್ನೇ ನಿರ್ಬಂಧಿಸಿತು.

ಹಾಗಾದರೆ ಬಳಸುವುದು ಹೇಗೆ?

1. ನಿಮಗೆ ಅರ್ಥವಾಗದ ಒಂದು ಸಾಲೂ ಜನ ಬಳಸುವ ಆಪ್‌ಗೆ ಹೋಗಬಾರದು. ಅರ್ಥವಾಗದಿದ್ದರೆ ಎಐಗೇ ಕೇಳಿ ವಿವರಣೆ ಪಡೆಯಿರಿ, ಆಮೇಲೆ ತಿಳಿದವರಿಗೆ ತೋರಿಸಿ.

2. ಒಂದೇ ಸಲ ಇಡೀ ಆಪ್ ಕೇಳಬೇಡಿ. ಸಣ್ಣ ತುಂಡು ಕೇಳಿ, ಪರೀಕ್ಷಿಸಿ, ಮುಂದೆ ಹೋಗಿ.

3. ಪರೀಕ್ಷಿಸುವಾಗ ‘ಕಮಲ’ ಸಾಲದು, ‘ಲಕ್ಷ್ಮಿ’ಯನ್ನೂ ಹಾಕಿ. ಖಾಲಿ ಬಿಟ್ಟು ನೋಡಿ, ತಪ್ಪು ದಿನಾಂಕ ಹಾಕಿ ನೋಡಿ, ಮೈನಸ್ ಮೊತ್ತ ಹಾಕಿ ನೋಡಿ.

4. ಪಾಸ್‌ವರ್ಡ್, ಗ್ರಾಹಕರ ಹೆಸರು, ಆಧಾರ್ ಸಂಖ್ಯೆ, ಕಂಪನಿಯ ಒಳಗಿನ ಕೋಡ್ ಇವನ್ನು ಅನುಮತಿ ಇಲ್ಲದೆ ಎಐಗೆ ಅಂಟಿಸಬೇಡಿ. ಪರೀಕ್ಷೆಗೆ ಸುಳ್ಳು ಹೆಸರುಗಳು ಸಾಕು.

5. ಅಸಲಿ ಡೇಟಾದ ಕೀಲಿ ಎಐ ಕೈಗೆ ಬೇಡ. ನಕಲು ಪ್ರತಿಯ ಮೇಲೆ ಕೆಲಸ ಮಾಡಿಸಿ, ಬ್ಯಾಕಪ್ ಬೇರೆ ಕಡೆ ಇರಲಿ.

6. ಹೊಸ ಪ್ಯಾಕೇಜ್ ಸೂಚಿಸಿದರೆ ಅದು ನಿಜವಾಗಿ ಇದೆಯೇ, ಯಾರು ಮಾಡಿದ್ದು, ಎಷ್ಟು ಹಳೆಯದು ಎಂದು ನೋಡಿಯೇ ಇಳಿಸಿ.

ತಪ್ಪಾದರೆ ‘ಎಐ ಬರೆದದ್ದು’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಜನರ ಮಾಹಿತಿಗೆ ಸೂಕ್ತ ಭದ್ರತೆ ಒದಗಿಸುವ ಹೊಣೆಯನ್ನು ಅದನ್ನು ಸಂಗ್ರಹಿಸಿದವರ ಮೇಲೆ ಹೊರಿಸುತ್ತದೆ. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನೀವು ಅಂಗಡಿಗೋ ಕ್ಲಿನಿಕ್‌ಗೋ ಕಡಿಮೆ ದುಡ್ಡಿಗೆ ಆಪ್ ಮಾಡಿಸುವವರಾದರೆ ಮೂರು ಪ್ರಶ್ನೆ ಕೇಳಿ: ಈ ಕೋಡ್ ಅನ್ನು ಓದಿ ನೋಡಿದವರು ಯಾರು? ಗ್ರಾಹಕರ ಮಾಹಿತಿ ಎಲ್ಲಿರುತ್ತದೆ? ಕೆಟ್ಟರೆ ಸರಿಮಾಡುವವರು ಯಾರು?

ಫಾರ್ವರ್ಡ್ ಮಾಡುವ ಮುನ್ನ

ಕೋಡಿಂಗ್ ಬಾರದವರೂ ಎಐ ಹಿಡಿದು ಒಂದು ಆಪ್ ಮಾಡಬಹುದು ಎನ್ನುವುದು ನಿಜ. ನಿಮ್ಮ ಮನೆಯ ಹಾಲಿನ ಲೆಕ್ಕಕ್ಕೆ ಧಾರಾಳವಾಗಿ ಮಾಡಿಕೊಳ್ಳಿ, ತಪ್ಪಿದರೆ ಅರ್ಧ ಲೀಟರ್ ಹೆಚ್ಚುಕಡಿಮೆ. ಆದರೆ ಬೇರೆಯವರ ಹಣ, ಆರೋಗ್ಯ, ಗುರುತು ಇರುವ ಕಡೆ ಓದಿ ಒಪ್ಪಬಲ್ಲ ಮನುಷ್ಯ ಬೇಕೇ ಬೇಕು. ‘ಕಲಿಯುವುದು ದಂಡ’ ಎನ್ನುವುದು ಸುಳ್ಳು. ಕ್ಯಾಲ್ಕುಲೇಟರ್ ಬಂದ ಮೇಲೂ ಬಿಲ್ ತಪ್ಪಾಗಿದೆ ಎಂದು ಹೇಳಲು ಲೆಕ್ಕ ಬರಲೇಬೇಕು.

ಆ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಕಂಪ್ಯೂಟರ್ ಸೈನ್ಸ್ ಸೇರಬೇಕೋ ಬೇಡವೋ ಎಂದು ಗೊಂದಲದಲ್ಲಿರುವ ಮಕ್ಕಳು ಅಲ್ಲಿ ಇರಬಹುದು ಎಂಬುದನ್ನು ನೆನಪಿಡಿ. ಅರ್ಧ ನಿಜದ ಜೊತೆಗೆ ಉಳಿದರ್ಧವನ್ನೂ ಅವರಿಗೆ ಕಳಿಸಿ.